ಹಳೆ ವಾಲ್ವ್ ಗಿಟಾರ್ ಆಂಪ್ ರಿಪೇರಿ: ಪ್ಲಗ್ ಹಾಕುವ ಮೊದಲು ಓದಿ

ಹಳೆ ಗಿಟಾರ್ ಆಂಪ್ (ಆಂಪ್ಲಿಫೈಯರ್) ಕೈಗೆ ಬಂದ ಕೂಡಲೇ ಪ್ಲಗ್ ಹಾಕಿ, ಸೌಂಡ್ ಬರುತ್ತಾ ನೋಡೋಣ ಅನ್ನಿಸುತ್ತದೆ. ದಯವಿಟ್ಟು ಹಾಕಬೇಡಿ. ವರ್ಷಗಟ್ಟಲೆ ಮೂಲೆಯಲ್ಲಿ ಕೂತ ವಾಲ್ವ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್) ಆಂಪ್‌ನಲ್ಲಿ ಚಾರ್ಜ್ ಕೂಡಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಒಳಗಿನ ಅಲ್ಯೂಮಿನಿಯಂ ಹಾಳೆಯ ಮೇಲಿನ ಆಕ್ಸೈಡ್ ಪದರ ಕೆಟ್ಟಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಕೆಪಾಸಿಟರ್ ಶಾರ್ಟ್ ಆಗಬಹುದು. ಆಗ ಮೊದಲು ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ವಾಲ್ವ್, ಆಮೇಲೆ ಪವರ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಪಾಸಿಟರ್ ಯಾವಾಗ ಬೇಕಾದರೂ ಸಿಗುತ್ತದೆ. ಆ ಹಳೆ ಟ್ರಾನ್ಸ್‌ಫಾರ್ಮರ್ ಸಿಗುವುದು ಬಹಳ ಕಷ್ಟ.

ಹುಬ್ಬಳ್ಳಿ-ಧಾರವಾಡದ ಕಡೆ ಇಂಥ ಆಂಪ್‌ಗಳು ಎಲ್ಲೆಲ್ಲಿಂದಲೋ ಹೊರಬರುತ್ತವೆ. ಆರ್ಕೆಸ್ಟ್ರಾ ನಡೆಸಿದವರ ಅಟ್ಟದಿಂದ, ರೈಲ್ವೆ ಕಾಲನಿಯ ಹಳೆ ಮನೆಯಿಂದ, ಚರ್ಚಿನ ಹಿಂದಿನ ಕೋಣೆಯಿಂದ, ಗುಜರಿ ಅಂಗಡಿಯಿಂದ. ನಮ್ಮ ಗೆಳೆಯರ ಬಳಗಕ್ಕೆ ಬಂದ ಒಂದು ಚಿಕ್ಕ ಅಮೆರಿಕನ್ ಆಂಪ್ ಅನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಮೂರೇ ವಾಲ್ವ್: ಮುಂದೆ ಒಂದು 12ಎಎಕ್ಸ್7, ಔಟ್‌ಪುಟ್‌ಗೆ ಒಂದು 6ವಿ6, ರೆಕ್ಟಿಫೈಯರ್ ಆಗಿ 5ವೈ3. ಸುಮಾರು 5 ವ್ಯಾಟ್, 8 ಇಂಚಿನ ಸ್ಪೀಕರ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆಂಪ್ ಇಲ್ಲ. ದೊಡ್ಡ ಆಂಪ್‌ಗಳಲ್ಲೂ ಕ್ರಮ ಇದೇ, ವಾಲ್ವ್ ಮಾತ್ರ ಜಾಸ್ತಿ.

ನಾನು ಮುಖ್ಯವಾಗಿ ಹೇಳಬೇಕಾದ ಮಾತು ಒಂದಿದೆ. ಅಂದಾಜಿನ ಮೇಲೆ ಪಾರ್ಟ್ ಬದಲಿಸಬೇಡಿ. ಅಳೆದು, ಹಾಳೆಯ ಮೇಲೆ ಬರೆದು, ಆ ಹಾಳೆ ಹಿಡಿದು ಬಲ್ಲವರನ್ನು ಕೇಳಿ. ಸಹಾಯ ಮಾಡುವವರು ನಮ್ಮ ಊರಲ್ಲಿ ಇದ್ದಾರೆ. ಅವರಿಗೆ ನಾವು ಏನು ತಂದು ಕೊಡುತ್ತೇವೆ ಅನ್ನುವುದರ ಮೇಲೆ ಅವರ ಸಹಾಯ ನಿಂತಿದೆ.

ಮೊದಲು ಜೀವ, ಆಮೇಲೆ ಆಂಪ್

ವಾಲ್ವ್ ಆಂಪ್ ಒಳಗೆ 300ರಿಂದ 450 ವೋಲ್ಟ್ ಡಿ.ಸಿ. ಓಡಾಡುತ್ತದೆ. ಹಳೆ ಮೆಕ್ಯಾನಿಕರು ಇದನ್ನು ಎಚ್.ಟಿ. (ಹೈ ಟೆನ್ಷನ್) ಅನ್ನುತ್ತಾರೆ. ಪ್ಲಗ್ ಕಿತ್ತ ಮೇಲೂ ಇದು ಫಿಲ್ಟರ್ ಕೆಪಾಸಿಟರ್‌ಗಳಲ್ಲಿ, ಅಂದರೆ ಡಿ.ಸಿ.ಯ ಏರಿಳಿತ ತಗ್ಗಿಸುವ ಎಲೆಕ್ಟ್ರೊಲಿಟಿಕ್‌ಗಳಲ್ಲಿ, ಉಳಿದಿರಬಹುದು. ಮನೆಯಲ್ಲಿ ಇಎಲ್‌ಸಿಬಿ (ಅರ್ಥ್‌ಗೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇದೆ, ಏನೂ ಆಗಲ್ಲ ಅಂದುಕೊಳ್ಳಬೇಡಿ. ಎಚ್.ಟಿ. ಇರುವುದು ಟ್ರಾನ್ಸ್‌ಫಾರ್ಮರ್‌ನ ಈಚೆ ಬದಿಗೆ. ಅಲ್ಲಿ ಹೊಡೆಯುವ ಶಾಕ್ ಇಎಲ್‌ಸಿಬಿಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಒಂದು ಡಿಸ್ಚಾರ್ಜ್ ತಂತಿ ಮಾಡಿಟ್ಟುಕೊಳ್ಳಿ. 10 ಕಿಲೋಓಮ್, 5 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರ್ ತಗೊಂಡು ಎರಡೂ ಕಡೆ ಒಳ್ಳೆಯ ಇನ್ಸುಲೇಷನ್ ಇರುವ ತಂತಿ ಬೆಸೆಯಿರಿ. ಬೆಸೆದ ಜಾಗಕ್ಕೆ ಸ್ಲೀವ್ ಹಾಕಿ. ಒಂದು ತುದಿಗೆ ಕ್ಲಿಪ್, ಇನ್ನೊಂದಕ್ಕೆ ಮೀಟರಿನ ಪ್ರೋಬ್. ಪ್ಲಗ್ ಕಿತ್ತ ಮೇಲೆ ಕ್ಲಿಪ್ ಅನ್ನು ಚಾಸಿಗೆ (ಪಾರ್ಟ್‌ಗಳನ್ನು ಕೂರಿಸಿದ ಲೋಹದ ಚೌಕಟ್ಟಿಗೆ) ಕಚ್ಚಿಸಿ, ಪ್ರೋಬ್ ಅನ್ನು ಪ್ರತಿಯೊಂದು ಫಿಲ್ಟರ್ ಕೆಪಾಸಿಟರ್‌ನ ಪ್ಲಸ್ ತುದಿಗೆ ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್ ಇಟ್ಟು ನೋಡಿ. 10 ವೋಲ್ಟ್‌ಗಿಂತ ಕೆಳಗೆ ಇಳಿದಿದ್ದರೆ ಮಾತ್ರ ಕೈ ಹಾಕಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವವರನ್ನು ನೋಡಿರಬಹುದು. ಹಾಗೆ ಮಾಡಬೇಡಿ, ಕೆಪಾಸಿಟರ್‌ಗೂ ಕಣ್ಣಿಗೂ ಕೆಟ್ಟದ್ದು.

ಕರೆಂಟ್ ಇರುವಾಗ ಅಳೆಯುವುದಾದರೆ ಒಂದೇ ಕೈ. ಇನ್ನೊಂದು ಕೈ ಜೇಬಿನಲ್ಲಿರಲಿ. ಉಂಗುರ, ಕಡಗ, ಕೊರಳಿನ ಸರ ಬಿಚ್ಚಿಡಿ. ಕಾಲಲ್ಲಿ ರಬ್ಬರ್ ಚಪ್ಪಲಿ, ಕೆಳಗೆ ಒಣ ನೆಲ. ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರಿಗೆ ತೋರಿಸಿರಿ. ರಾತ್ರಿ ನಿದ್ದೆಗೆಟ್ಟು ಈ ಕೆಲಸ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಕೆಲವು ಅಗ್ಗದ ಹಳೆ ಆಂಪ್‌ಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ವಾಲ್ವ್‌ಗಳ ಹೀಟರ್‌ಗಳನ್ನು (ಒಳಗೆ ಕಾಯುವ ತಂತಿ) ಒಂದರ ಹಿಂದೆ ಒಂದು ಜೋಡಿಸಿ ನೇರ ಮೇನ್ಸ್‌ಗೆ ಕೊಟ್ಟಿರುತ್ತಾರೆ. ಎ.ಸಿ.-ಡಿ.ಸಿ. ಸೆಟ್ ಅನ್ನುವುದು ಇದಕ್ಕೇ. ಇದರಲ್ಲಿ ಚಾಸಿಗೇ ಫೇಸ್ ಬಂದಿರಬಹುದು. ನಿಮ್ಮ ಆಂಪ್‌ನಲ್ಲಿ 35, 50 ಅಂತ ಶುರುವಾಗುವ ವಾಲ್ವ್ ನಂಬರ್‌ಗಳಿದ್ದರೆ, ಅಥವಾ ಯೂರೋಪಿನ 'ಯು' ಅಕ್ಷರದ ವಾಲ್ವ್‌ಗಳಿದ್ದರೆ, ಬಿಚ್ಚದೆ ಮುಚ್ಚಿಡಿ. ಅನುಭವಸ್ಥರ ಜೊತೆ ಕೂತು ನೋಡುವ ಕೆಲಸ ಅದು.

ಕಣ್ಣು, ಮೂಗು, ಬ್ರಶ್

ಹಿಂದಿನ ಪ್ಲೇಟಿನ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ನೋಡಿ. ಅಮೆರಿಕನ್ ಆಂಪ್ ಆದರೆ 110, 117 ಅಥವಾ 120 ವೋಲ್ಟ್, 60 ಹರ್ಟ್ಸ್ ಇರುತ್ತದೆ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಇದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆಂಪ್ ಎಳೆಯುವ ವ್ಯಾಟ್‌ನ ಎರಡು ಪಟ್ಟು ತಡೆಯುವಂಥದ್ದು ತಗೊಳ್ಳಿ. 60 ಹರ್ಟ್ಸ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ ಅನ್ನುವುದೂ ನೆನಪಿರಲಿ. ಬ್ರಿಟಿಷ್ ಆಂಪ್‌ಗಳಲ್ಲಿ ಹೆಚ್ಚಾಗಿ ವೋಲ್ಟೇಜ್ ಬದಲಿಸುವ ಸೆಲೆಕ್ಟರ್ ಇರುತ್ತದೆ. ಅದು ಯಾವ ವೋಲ್ಟ್‌ಗೆ ಕೂತಿದೆ ಅಂತ ನೋಡಿಕೊಳ್ಳಿ.

ಯಾವ ಸಾಕೆಟ್‌ನಲ್ಲಿ ಯಾವ ವಾಲ್ವ್ ಇತ್ತು ಅಂತ ಬರೆದುಕೊಂಡು ವಾಲ್ವ್ ತೆಗೆಯಿರಿ. ವಾಲ್ವ್‌ನ ಗಾಜನ್ನು ಬಟ್ಟೆಯಿಂದ ಉಜ್ಜಬೇಡಿ, ಮೇಲಿನ ಅಕ್ಷರ ಅಳಿಸಿ ಹೋಗುತ್ತದೆ. ಆಮೇಲೆ ಅದು ಯಾವ ವಾಲ್ವ್ ಅಂತ ಯಾರಿಗೂ ಗೊತ್ತಾಗಲ್ಲ. ಚಾಸಿ ಹೊರಗೆ ತೆಗೆದು, ಡಿಸ್ಚಾರ್ಜ್ ಮಾಡಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಒಂದು ಪೂರ್ತಿ ಫೋಟೋ, ಆಮೇಲೆ ಒಂದೊಂದು ಮೂಲೆ ಹತ್ತಿರದಿಂದ. ಮುಂದೆ ಯಾವ ತಂತಿ ಎಲ್ಲಿತ್ತು ಅನ್ನುವ ಜಗಳಕ್ಕೆ ಈ ಫೋಟೋಗಳೇ ಸಾಕ್ಷಿ.

ಹುಬ್ಬಳ್ಳಿಯಲ್ಲಿ ಧೂಳು, ಧಾರವಾಡದಲ್ಲಿ ಮಳೆಗಾಲದ ಥಂಡಿ. ಎರಡೂ ಆಂಪ್‌ಗೆ ವೈರಿ. ಧೂಳನ್ನು ಒಣ ಪೇಂಟ್ ಬ್ರಶ್‌ನಿಂದ ತೆಗೆಯಿರಿ. ಸಾಕೆಟ್ ಮತ್ತು ಜಾಕ್‌ಗಳಿಗೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸಾಕು. ವಾಲ್ಯೂಮ್, ಟೋನ್ ಕಂಟ್ರೋಲ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹಾಕಿ, ಹತ್ತಿಪ್ಪತ್ತು ಸಲ ತಿರುಗಿಸಿ. ತೆಂಗಿನೆಣ್ಣೆ, ಸೀಮೆಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಯಾವುದೂ ಬೇಡ.

ಈಗ ಕಣ್ಣಿಟ್ಟು ನೋಡಿ. ಉಬ್ಬಿದ ಕೆಪಾಸಿಟರ್, ಕರಗಿ ಸೋರಿದ ಮೇಣ, ಕಪ್ಪಾದ ರೆಸಿಸ್ಟರ್, ಇಲಿ ಕಡಿದ ತಂತಿ, ಬಿರುಕು ಬಿಟ್ಟ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ). ಫ್ಯೂಸ್ ಹೋಲ್ಡರ್ ಬಿಚ್ಚಿ ನೋಡುವುದನ್ನು ಮರೆಯಬೇಡಿ. ಕಾರ್ಯಕ್ರಮದ ನಡುವೆ ಫ್ಯೂಸ್ ಹೋದಾಗ ಯಾರೋ ತಾಮ್ರದ ತಂತಿ ಸುತ್ತಿಟ್ಟಿರುವ ಸಾಧ್ಯತೆ ತುಂಬಾ ಇದೆ. ಟ್ರಾನ್ಸ್‌ಫಾರ್ಮರ್ ಮೂಸಿ ನೋಡಿ. ಸುಟ್ಟ ವಾರ್ನಿಷ್ ವಾಸನೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ಕರೆಂಟ್ ಇಲ್ಲದೆ ಮೀಟರ್ ಕೆಲಸ

ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು, ಆದರೆ ಅದು ಮತ್ತು ಅದರ ಪ್ರೋಬ್‌ಗಳು 600 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತಡೆಯಬೇಕು. ಪ್ಲಗ್‌ನ ಎರಡು ಪಿನ್ ನಡುವೆ, ಆಂಪ್ ಸ್ವಿಚ್ ಆನ್ ಇಟ್ಟು, ಕೆಲವು ಓಮ್‌ನಿಂದ ಕೆಲವು ಹತ್ತು ಓಮ್ ಬರಬೇಕು. ಪಿನ್‌ನಿಂದ ಚಾಸಿಗೆ ಏನೂ ಬರಬಾರದು. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 6 ಓಮ್ ತೋರಿಸುತ್ತದೆ, ಅದು ಸರಿಯೇ. ಸ್ಪೀಕರ್‌ಗೆ ಸಿಗ್ನಲ್ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ವಾಲ್ವ್ ಬದಿಯ ಸುತ್ತು) ಕೆಲವು ನೂರು ಓಮ್ ಇರುತ್ತದೆ. ಅಲ್ಲಿ ಮೀಟರ್ ಏನೂ ತೋರಿಸದಿದ್ದರೆ ಸುತ್ತು ಕಡಿದಿದೆ.

ರೆಸಿಸ್ಟರ್‌ಗಳನ್ನು ಒಂದೊಂದಾಗಿ ನೋಡಿ. ಹಳೆ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳ ಓಮ್ ವಯಸ್ಸಾದಂತೆ ಏರುತ್ತದೆ. ಬರೆದದ್ದಕ್ಕಿಂತ 20 ಪರ್ಸೆಂಟ್ ಒಳಗೆ ಇದ್ದರೆ ಹಾಗೇ ಬಿಡಿ. ಎಲ್ಲವನ್ನೂ ಕಿತ್ತು ಹೊಸದು ಹಾಕುವ ಉತ್ಸಾಹ ಬೇಡ. ಹಳೆ ಆಂಪ್ ಹಳೆಯದಾಗಿಯೇ ಉಳಿಯಬೇಕು ಅಲ್ವಾ?

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಆಗಿನದು ವಾಲ್ವ್ ರೇಡಿಯೊ ಕಾಲ. ವಾಲ್ವ್ ರೇಡಿಯೊ ರಿಪೇರಿ ಮಾಡಿ ಬದುಕಿದ ಮೆಕ್ಯಾನಿಕರಲ್ಲಿ ಕೆಲವರು ಈಗಲೂ ನಮ್ಮ ನಡುವೆ ಇದ್ದಾರೆ. ಅಂಗಡಿ ಮುಚ್ಚಿರಬಹುದು, ತಿಳಿವಳಿಕೆ ಹೋಗಿಲ್ಲ. ಗಿಟಾರ್ ಆಂಪ್ ಅಂದರೆ ಅವರಿಗೆ ಹೊಸದು ಅನ್ನಿಸಬಹುದು, ಆದರೆ ರೇಡಿಯೊದ ಆಡಿಯೊ ಭಾಗವೇ ಇಲ್ಲಿಯೂ ಇರುವುದು. ವಾಲ್ವ್ ನೋಡಿದರೆ ಸಾಕು, ಅವರ ಮುಖ ಅರಳುತ್ತದೆ.

ಹ್ಯಾಮ್ ರೇಡಿಯೊದವರು (ಹವ್ಯಾಸಕ್ಕೆ ರೇಡಿಯೊ ಸಂಪರ್ಕ ನಡೆಸುವವರು) ಇನ್ನೊಂದು ಬಳಗ. ಹೈ ವೋಲ್ಟೇಜ್ ಜೊತೆ ಕೆಲಸ ಮಾಡಿ ಅಭ್ಯಾಸ ಇದ್ದವರು, ಶಿಸ್ತಿನವರು. ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಹುಡುಗರಿಗೆ ವಾಲ್ವ್ ಗೊತ್ತಿರಲಿಕ್ಕಿಲ್ಲ, ಆದರೆ ಅವರ ಹತ್ತಿರ ಆಸಿಲೋಸ್ಕೋಪ್ ಇರುತ್ತದೆ. ಮೋಟಾರ್ ವೈಂಡಿಂಗ್ ಅಂಗಡಿಯವರು, ಸ್ಪೀಕರ್‌ಗೆ ಕೋನ್ ಹಾಕುವವರು, ಆರ್ಕೆಸ್ಟ್ರಾದ ಗಿಟಾರ್ ವಾದಕರು, ಎಲ್ಲರಿಗೂ ಒಂದೊಂದು ತುಣುಕು ಗೊತ್ತು. ಭಾನುವಾರ ಮಧ್ಯಾಹ್ನ ಇವರಲ್ಲಿ ಮೂವರನ್ನು ಒಂದೇ ಮೇಜಿನ ಸುತ್ತ ಕೂರಿಸಿದರೆ, ಒಬ್ಬರೇ ತಿಂಗಳುಗಟ್ಟಲೆ ಒದ್ದಾಡುವ ಕೆಲಸ ಸಂಜೆಯೊಳಗೆ ದಾರಿಗೆ ಬರುತ್ತದೆ.

ಆದರೆ "ಆಂಪ್ ಕೆಟ್ಟಿದೆ, ಏನು ಮಾಡಲಿ" ಅಂತ ಕೇಳಬೇಡಿ. ವಾಲ್ವ್ ನಂಬರ್‌ಗಳು, ಚಾಸಿಯ ಫೋಟೋ, ಸರ್ಕ್ಯೂಟ್ ಚಿತ್ರ ಸಿಕ್ಕಿದ್ದರೆ ಅದು, ನೀವು ಅಳೆದ ವೋಲ್ಟೇಜ್‌ಗಳ ಪಟ್ಟಿ, ಇಷ್ಟು ಒಯ್ಯಿರಿ. ತೊಂದರೆ ಯಾವಾಗ ಶುರುವಾಗುತ್ತದೆ ಅಂತ ಹೇಳಿ. ಆನ್ ಮಾಡಿದ ಕೂಡಲೇ ಬರುತ್ತಾ, ಹತ್ತು ನಿಮಿಷ ಬಿಸಿಯಾದ ಮೇಲೆ ಬರುತ್ತಾ? ವಾಲ್ಯೂಮ್ ತಿರುಗಿಸಿದರೆ ಬದಲಾಗುತ್ತಾ? ಹಿಂದೆ ಯಾರು ಏನು ಬದಲಿಸಿದ್ದರು?

ನಾಲ್ಕು ಜನ ನಾಲ್ಕು ಸಲಹೆ ಕೊಟ್ಟರೆ ನಾಲ್ಕನ್ನೂ ಒಟ್ಟಿಗೆ ಮಾಡಬೇಡಿ. ಒಂದು ಮಾಡಿ, ಅಳೆದು, ಬರೆಯಿರಿ. ಆಮೇಲೆ ಎರಡನೆಯದು. ಏನಾಯಿತು ಅಂತ ಸಲಹೆ ಕೊಟ್ಟವರಿಗೆ ತಿರುಗಿ ಹೇಳಿ. ಇದನ್ನು ಬಹಳ ಜನ ಮರೆಯುತ್ತಾರೆ, ಹಿರಿಯರಿಗೆ ನೋವಾಗುವುದು ಇಲ್ಲೇ. ಅವರು ಕೆಲಸ ಮಾಡಿಕೊಟ್ಟರೆ ಮಜೂರಿ ಕೊಡಿ. ಬೇಡ ಅಂದರೂ ಕೊಡಿ.

ಅರ್ಥಿಂಗ್ ಮತ್ತು ಮೇನ್ಸ್ ವೈರ್

ಹಳೆ ಅಮೆರಿಕನ್ ಆಂಪ್‌ಗಳಿಗೆ ಟೂ ಪಿನ್ ವೈರ್ ಇರುತ್ತದೆ. ಅರ್ಥ್ ಇಲ್ಲ. ಹಲವು ಆಂಪ್‌ಗಳಲ್ಲಿ ಮೇನ್ಸ್‌ನ ಒಂದು ತಂತಿಯಿಂದ ಚಾಸಿಗೆ ಒಂದು ಚಿಕ್ಕ ಕೆಪಾಸಿಟರ್ ಬೇರೆ ಕೂಡಿಸಿರುತ್ತಾರೆ. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಫೇಸ್ ಬರುತ್ತದೆ. ಬಾರಿಸುವವರು ಮೈಕ್‌ಗೆ ತುಟಿ ತಾಗಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಕೆಪಾಸಿಟರ್ ಕಿತ್ತು ಹಾಕಿ. ಹಳೆಯದನ್ನು ಹಾಗೇ ಉಳಿಸಬೇಕು ಅನ್ನುವ ನನ್ನ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ.

ಮೂರು ಕೋರ್‌ನ ಒಳ್ಳೆಯ ವೈರ್ ಹಾಕಿ. ಹಸಿರು ತಂತಿಯನ್ನು ಬಣ್ಣ ಕೆರೆದ ಚಾಸಿಗೆ ಬೇರೆಯದೇ ಬೋಲ್ಟ್ ಹಾಕಿ ಬಿಗಿ ಮಾಡಿ. ಫೇಸ್ ಮೊದಲು ಫ್ಯೂಸ್‌ಗೆ, ಅಲ್ಲಿಂದ ಸ್ವಿಚ್‌ಗೆ ಹೋಗಲಿ. ವೈರ್ ಎಳೆದರೆ ಒಳಗೆ ಜಗ್ಗದಂತೆ ಹಿಡಿತ ಹಾಕಿ. ಜೊತೆಗೆ ಮನೆಯ ಸಾಕೆಟ್‌ನಲ್ಲಿ ಅರ್ಥ್ ನಿಜವಾಗಿ ಇದೆಯಾ ನೋಡಿ. ಹಳೆ ಮನೆಗಳಲ್ಲಿ ಮೂರನೇ ತೂತು ಬರೀ ತೂತಾಗಿಯೇ ಇರಬಹುದು. ಮೀಟರ್‌ನಲ್ಲಿ ಫೇಸ್‌ನಿಂದ ಅರ್ಥ್‌ಗೆ, ಫೇಸ್‌ನಿಂದ ನ್ಯೂಟ್ರಲ್‌ಗೆ ಹೆಚ್ಚು ಕಡಿಮೆ ಒಂದೇ ವೋಲ್ಟೇಜ್ ಬರಬೇಕು. ನ್ಯೂಟ್ರಲ್‌ನಿಂದ ಅರ್ಥ್‌ಗೆ ಕೆಲವೇ ವೋಲ್ಟ್. ಸ್ಟೆಪ್‌ಡೌನ್ ಬಳಸುವವರು ಅದರ ಮೂಲಕವೂ ಅರ್ಥ್ ಆಂಪ್‌ವರೆಗೆ ತಲುಪುತ್ತದಾ ಅಂತ ನೋಡಬೇಕು.

ಕೆಪಾಸಿಟರ್ ಬದಲಿಸುವುದು

ಎಲೆಕ್ಟ್ರೊಲಿಟಿಕ್‌ಗಳನ್ನು ಮಾತ್ರ ಅಳೆಯದೆಯೂ ಬದಲಿಸಬಹುದು. ವಯಸ್ಸೇ ಅವುಗಳ ರೋಗ. ನಮ್ಮ ಉದಾಹರಣೆಯ ಆಂಪ್‌ನಲ್ಲಿ ಫಿಲ್ಟರ್‌ಗೆ 16, 8, 8 ಮೈಕ್ರೊಫ್ಯಾರಡ್ ಇದ್ದವು. ಜಾಸ್ತಿ ಹಾಕಿದರೆ ಹಮ್ (ಗುಂಯ್ ಅನ್ನುವ ಸದ್ದು) ಕಡಿಮೆ ಆಗುತ್ತದೆ ಅಂತ 100 ಹಾಕಬೇಡಿ. 5ವೈ3 ವಾಲ್ವ್‌ಗೆ ಮೊದಲ ಕೆಪಾಸಿಟರ್ 20 ಮೈಕ್ರೊಫ್ಯಾರಡ್ ದಾಟಬಾರದು. ಜಿಝಡ್34 ಅನ್ನುವ ರೆಕ್ಟಿಫೈಯರ್ ಆದರೆ 60ರವರೆಗೆ ತಡೆಯುತ್ತದೆ. ವೋಲ್ಟೇಜ್‌ನಲ್ಲಿ ಮಾತ್ರ ಜಿಪುಣತನ ಬೇಡ. 5ವೈ3 ಬೇಗ ಬಿಸಿಯಾಗುತ್ತದೆ, 6ವಿ6 ನಿಧಾನ. ಆ ಕೆಲವು ಸೆಕೆಂಡ್ ಯಾವ ಲೋಡ್ ಇಲ್ಲದೆ ಎಚ್.ಟಿ. ಮೇಲಕ್ಕೆ ಹಾರುತ್ತದೆ. ಟ್ರಾನ್ಸ್‌ಫಾರ್ಮರ್‌ನಲ್ಲಿ 325 ವೋಲ್ಟ್‌ನ ಸುತ್ತು ಇದ್ದರೆ 460ರವರೆಗೂ ಹೋಗಬಹುದು. ಹಾಗಾಗಿ ಮೊದಲ ಕೆಪಾಸಿಟರ್ 500 ವೋಲ್ಟ್‌ನದ್ದು ಇರಲಿ.

ಪ್ಲಸ್, ಮೈನಸ್ ಎರಡು ಸಲ ನೋಡಿ. ಫಿಕ್ಸೆಡ್ ಬಯಸ್ (ಔಟ್‌ಪುಟ್ ವಾಲ್ವ್‌ಗೆ ಬೇರೆಯೇ ಮೈನಸ್ ವೋಲ್ಟೇಜ್ ಕೊಡುವ ವ್ಯವಸ್ಥೆ) ಇರುವ ದೊಡ್ಡ ಆಂಪ್‌ಗಳಲ್ಲಿ ಬಯಸ್ ಕೆಪಾಸಿಟರ್‌ನ ಪ್ಲಸ್ ತುದಿ ಚಾಸಿಗೆ ಹೋಗುತ್ತದೆ. ಅಭ್ಯಾಸ ಬಲದಿಂದ ತಿರುಗಿಸಿ ಹಾಕಿದರೆ ಔಟ್‌ಪುಟ್ ವಾಲ್ವ್ ಹೋದಂತೆಯೇ. ಹಳೆ ಕೆಪಾಸಿಟರ್ ಅನ್ನು ನೋಟಕ್ಕಾಗಿ ಜಾಗದಲ್ಲೇ ಬಿಡುವುದಾದರೆ ಅದರ ಕನೆಕ್ಷನ್ ಪೂರ್ತಿ ಬಿಡಿಸಿ. ಹಳೆ ಟಿವಿ ಬೋರ್ಡ್‌ನಿಂದ ಕಿತ್ತ ಕೆಪಾಸಿಟರ್ ಬೇಡ. ಊರಲ್ಲಿ ಬೇಕಾದ ವೋಲ್ಟೇಜ್‌ನದ್ದು ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ.

ಸೋಲ್ಡರಿಂಗ್‌ಗೆ 60/40 ಸೀಸದ ತಂತಿ ಒಳ್ಳೆಯದು. ಚಾಸಿಗೆ ಬೆಸೆಯುವಾಗ 25 ವ್ಯಾಟ್ ಐರನ್ ಸಾಲುವುದಿಲ್ಲ, 60 ವ್ಯಾಟ್ ಬೇಕು. ಕಿಟಕಿ ತೆರೆದಿರಲಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಸೀರೀಸ್ ಬಲ್ಬ್ ಹಾಕಿ ಮೊದಲ ಕರೆಂಟ್

ವೈಂಡಿಂಗ್ ಅಂಗಡಿಗಳಲ್ಲಿ ಸೀರೀಸ್ ಬೋರ್ಡ್ ನೋಡಿರುತ್ತೀರಿ. ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್, ಎರಡೂ ಸೀರೀಸ್‌ನಲ್ಲಿ. ಆಂಪ್ ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಕರೆಂಟ್ ಅನ್ನು ತಡೆಯುತ್ತದೆ. ಈ ಒಂದು ಬೋರ್ಡ್ ಎಷ್ಟು ಟ್ರಾನ್ಸ್‌ಫಾರ್ಮರ್‌ಗಳ ಜೀವ ಉಳಿಸಿದೆಯೋ ಲೆಕ್ಕವಿಲ್ಲ. ಬಲ್ಬ್ ಹಳೆ ಕಾಲದ ಫಿಲಮೆಂಟ್ ಬಲ್ಬೇ ಆಗಿರಬೇಕು. ಎಲ್‌ಇಡಿ, ಸಿಎಫ್‌ಎಲ್ ನಡೆಯುವುದಿಲ್ಲ. 60 ಮತ್ತು 100 ವ್ಯಾಟ್‌ನ ಎರಡು ಬಲ್ಬ್ ಇಟ್ಟುಕೊಳ್ಳಿ. ಸ್ಟೆಪ್‌ಡೌನ್ ಇದ್ದರೆ ಬೋರ್ಡ್ ಅದಕ್ಕಿಂತ ಮೊದಲು, 230 ವೋಲ್ಟ್ ಬದಿಗೆ ಬರಬೇಕು.

ಮೊದಲು ಎಲ್ಲ ವಾಲ್ವ್ ತೆಗೆದು 60 ವ್ಯಾಟ್ ಬಲ್ಬ್ ಹಾಕಿ ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರ್ ಒಳಗೆ ಅಥವಾ ಅದರ ವೈರಿಂಗ್‌ನಲ್ಲಿ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಿ. ಮಂಕಾದರೆ 6ವಿ6 ಸಾಕೆಟ್‌ನ 2 ಮತ್ತು 7ನೇ ಪಿನ್ ನಡುವೆ ಎ.ಸಿ. ಅಳೆಯಿರಿ. 6.3 ವೋಲ್ಟ್ ಆಸುಪಾಸು ಇರಬೇಕು.

ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ವಾಲ್ವ್‌ಗಳನ್ನು ಒಟ್ಟಿಗೇ ಹಾಕಿ. ಸ್ಪೀಕರ್ ಕನೆಕ್ಟ್ ಮಾಡಿ. ಸ್ಪೀಕರ್ ನಂಬಿಕೆ ಇಲ್ಲದಿದ್ದರೆ ಅದೇ ಓಮ್‌ನ 10 ವ್ಯಾಟ್ ರೆಸಿಸ್ಟರ್ ಹಾಕಿ. ಲೋಡ್ ಇಲ್ಲದೆ ವಾಲ್ವ್ ಆಂಪ್ ನಡೆಸಬಾರದು. ಸಿಗ್ನಲ್ ಬಂದ ಕ್ಷಣ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಗಟ್ಟಲೆ ವೋಲ್ಟ್ ಎದ್ದು ಇನ್ಸುಲೇಷನ್ ಒಡೆಯಬಹುದು. ಈಗ 100 ವ್ಯಾಟ್ ಬಲ್ಬ್ ಹಾಕಿ ಆನ್ ಮಾಡಿ. ಐದು ನಿಮಿಷ ಹೊಗೆ, ವಾಸನೆ, ಕಿಡಿ ಏನೂ ಇಲ್ಲದಿದ್ದರೆ, ಬಲ್ಬ್ ಹದವಾಗಿ ಕೆಂಪಗಿದ್ದರೆ, ಬೋರ್ಡ್ ಬಿಟ್ಟು ನೇರ ಕರೆಂಟ್ ಕೊಡಬಹುದು. ಬಲ್ಬ್ ಇರುವಾಗ ಆಂಪ್‌ಗೆ ಪೂರ್ತಿ ವೋಲ್ಟೇಜ್ ಸಿಗುವುದಿಲ್ಲ, ಆಗಿನ ರೀಡಿಂಗ್ ಲೆಕ್ಕಕ್ಕಿಲ್ಲ.

ವೋಲ್ಟೇಜ್ ಹಾಳೆ

ಒಂದು ಹಾಳೆಯಲ್ಲಿ ಪ್ರತಿ ವಾಲ್ವ್‌ಗೆ ಒಂದು ಸಾಲು. ಪ್ಲೇಟ್, ಸ್ಕ್ರೀನ್, ಗ್ರಿಡ್, ಕ್ಯಾಥೋಡ್, ಇವು ವಾಲ್ವ್ ಒಳಗಿನ ಭಾಗಗಳು. ಕ್ಯಾಥೋಡ್‌ನಿಂದ ಪ್ಲೇಟ್‌ಗೆ ಹೋಗುವ ಎಲೆಕ್ಟ್ರಾನ್‌ಗಳನ್ನು ಗ್ರಿಡ್ ಹತೋಟಿಯಲ್ಲಿಡುತ್ತದೆ. ಮೇಲೆ ಅವತ್ತಿನ ಮೇನ್ಸ್ ವೋಲ್ಟೇಜ್ ಬರೆಯಿರಿ, ಏಕೆಂದರೆ ಮಧ್ಯಾಹ್ನ 215 ಇದ್ದದ್ದು ರಾತ್ರಿ 245 ಇರಬಹುದು. ಆಗ ಒಳಗಿನ ಎಲ್ಲವೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. 6ವಿ6ಗೆ ಪ್ಲೇಟ್ 3, ಸ್ಕ್ರೀನ್ 4, ಗ್ರಿಡ್ 5, ಕ್ಯಾಥೋಡ್ 8ನೇ ಪಿನ್. 12ಎಎಕ್ಸ್7ಗೆ ಪ್ಲೇಟ್ 1 ಮತ್ತು 6, ಗ್ರಿಡ್ 2 ಮತ್ತು 7, ಕ್ಯಾಥೋಡ್ 3 ಮತ್ತು 8. ಕೆಳಗಿನಿಂದ ನೋಡಿ ಗಡಿಯಾರದ ದಿಕ್ಕಿಗೆ ಎಣಿಸಬೇಕು. 5ವೈ3ರ ಹೀಟರ್ ಪಿನ್‌ಗಳಲ್ಲಿ ಬರೀ 5 ವೋಲ್ಟ್ ಅಂತ ಮುಟ್ಟಬೇಡಿ, ಪೂರ್ತಿ ಎಚ್.ಟಿ. ಅಲ್ಲೇ ಕೂತಿರುತ್ತದೆ.

ಈಗ ಲೆಕ್ಕ. 6ವಿ6ರ ಕ್ಯಾಥೋಡ್ ರೆಸಿಸ್ಟರ್ 470 ಓಮ್, ಅದರ ಮೇಲೆ 18 ವೋಲ್ಟ್ ಇದೆ ಅಂದುಕೊಳ್ಳಿ. 18 ಭಾಗಿಸು 470, ಅಂದರೆ ಸುಮಾರು 38 ಮಿಲಿಆಂಪ್. ಪ್ಲೇಟ್‌ನಿಂದ ಕ್ಯಾಥೋಡ್‌ಗೆ 300 ವೋಲ್ಟ್ ಇದ್ದರೆ 11.5 ವ್ಯಾಟ್ ಹತ್ತಿರ. ಹಳೆ 6ವಿ6ಜಿಟಿ ತಡೆಯುವುದು 12 ವ್ಯಾಟ್. ಸರಿಯಾಗಿದೆ. 12ಎಎಕ್ಸ್7ರ ಪ್ಲೇಟ್ ಸಾಮಾನ್ಯವಾಗಿ 150-200 ವೋಲ್ಟ್, ಕ್ಯಾಥೋಡ್ ಒಂದೂವರೆ ವೋಲ್ಟ್ ಆಸುಪಾಸು. ಪ್ಲೇಟ್‌ನಲ್ಲಿ ಸಪ್ಲೈನಷ್ಟೇ ವೋಲ್ಟೇಜ್ ಇದ್ದರೆ ವಾಲ್ವ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲ ಅಂತ ಅರ್ಥ.

ನಮ್ಮ ಆಂಪ್‌ನಲ್ಲಿ ಕೆಪಾಸಿಟರ್ ಬದಲಿಸಿದ ಮೇಲೂ ಐದು ನಿಮಿಷಕ್ಕೆ 6ವಿ6ರ ಪ್ಲೇಟ್ ಕೆಂಪಗಾಗುತ್ತಿತ್ತು. ಹಾಳೆ ಹಿಡಿದು ಧಾರವಾಡದ ಒಬ್ಬ ಹಿರಿಯ ರೇಡಿಯೊ ಮೆಕ್ಯಾನಿಕರಿಗೆ ಫೋನ್ ಹಚ್ಚಿದೆವು.

"ಗ್ರಿಡ್ ಮ್ಯಾಲ ಎಷ್ಟ್ ಐತಿ, ಅದನ್ನ ಹೇಳು ಮೊದ್ಲ."

"ಹನ್ನೊಂದು ವೋಲ್ಟ್ ಪ್ಲಸ್ ಬರಾಕತ್ತೈತ್ರಿ ಕಾಕಾ."

"ಬಂದ್ ಮಾಡಿ, ಆ ವಾಲ್ವ್ ತಗದು, ಮತ್ತ ಹಚ್ಚಿ ನೋಡು. ಇನ್ನೂ ಐತೇನು?"

"ಐತ್ರಿ. ಹಂಗ ಐತಿ."

"ಹಂಗಾರ ವಾಲ್ವ್ ತಪ್ಪಿಲ್ಲಪಾ. ಹಿಂದಿನ ಕಂಡೆನ್ಸರ್ ಲೀಕ್ ಐತಿ. ಅದನ್ನ ಬದಲ್ ಮಾಡು, ಬ್ಯಾರೆ ಏನೂ ಮುಟ್ಟಬ್ಯಾಡ."

ಈ ನಾಲ್ಕು ಮಾತಿನಲ್ಲಿ ಇಡೀ ಪಾಠ ಇದೆ. (ಕಂಡೆನ್ಸರ್ ಅಂದರೆ ಕೆಪಾಸಿಟರ್.) ಇಂಥ ಆಂಪ್‌ನ ಗ್ರಿಡ್‌ನಲ್ಲಿ ಸೊನ್ನೆ ಇರಬೇಕು. ಪ್ಲಸ್ ಬಂದರೆ ಕಾರಣ ಹೆಚ್ಚಾಗಿ ಎರಡೇ. 12ಎಎಕ್ಸ್7ರ ಪ್ಲೇಟ್ ವೋಲ್ಟೇಜ್ ಅನ್ನು ಕಪ್ಲಿಂಗ್ ಕೆಪಾಸಿಟರ್ (ಎರಡು ವಾಲ್ವ್ ನಡುವೆ ಸಿಗ್ನಲ್ ಮಾತ್ರ ದಾಟಿಸುವುದು) ಸೋರಿ ಬಿಡುತ್ತಿದೆ, ಇಲ್ಲವೇ ಔಟ್‌ಪುಟ್ ವಾಲ್ವ್ ಒಳಗೇ ಗ್ಯಾಸ್ ಸೇರಿಕೊಂಡಿದೆ. ವಾಲ್ವ್ ತೆಗೆದ ಮೇಲೂ ವೋಲ್ಟೇಜ್ ಉಳಿದರೆ ಕೆಪಾಸಿಟರ್, ಹೋದರೆ ವಾಲ್ವ್. ವಾಲ್ವ್ ಇಲ್ಲದಾಗ ಎಚ್.ಟಿ. ಏರಿರುತ್ತದೆ, ಬೇಗ ಅಳೆದು ಆಫ್ ಮಾಡಿ. ಆ ಜಾಗಕ್ಕೆ 0.02 ಬದಲು 0.022 ಮೈಕ್ರೊಫ್ಯಾರಡ್, 630 ವೋಲ್ಟ್‌ನ ಪಾಲಿಯೆಸ್ಟರ್ ಹಾಕಿದೆವು. ಗ್ರಿಡ್ ಸೊನ್ನೆಗೆ ಇಳಿಯಿತು. ಪ್ಲೇಟ್ ಕಪ್ಪಗೇ ಉಳಿಯಿತು. ಸುಮ್ನೆ ಹೊಸ 6ವಿ6 ತಂದು ಹಾಕಿದ್ದರೆ ಅದೂ ಸುಟ್ಟಿರುತ್ತಿತ್ತು.

ಶಬ್ದ ಕೇಳಿ ದೋಷ ಹುಡುಕುವುದು

ವಾಲ್ಯೂಮ್ ಸೊನ್ನೆ ಇದ್ದಾಗಲೂ ಹಮ್ ಇದ್ದರೆ ತೊಂದರೆ ಪವರ್ ಸಪ್ಲೈ ಅಥವಾ ಔಟ್‌ಪುಟ್ ಭಾಗದಲ್ಲಿ. ವಾಲ್ಯೂಮ್ ಜೊತೆ ಏರಿದರೆ ಮೊದಲ ವಾಲ್ವ್, ಜಾಕ್ ಅಥವಾ ಗಿಟಾರ್ ವೈರ್‌ನಲ್ಲಿ. ಸ್ವಲ್ಪ ಕಿವಿ ಪಳಗಿದರೆ ಇನ್ನೊಂದು ಗೊತ್ತಾಗುತ್ತದೆ. ಫಿಲ್ಟರ್ ಕೆಪಾಸಿಟರ್ ಸೋತಾಗ ಬರುವ ಹಮ್ 100 ಹರ್ಟ್ಸ್, ಅರ್ಥ್ ಅಥವಾ ಹೀಟರ್‌ನಿಂದ ಬರುವುದು 50 ಹರ್ಟ್ಸ್, ಇನ್ನೂ ದಪ್ಪ ದನಿ. ಮೊಬೈಲ್‌ನಲ್ಲಿ ಟ್ಯೂನರ್ ಇದ್ದರೆ ಸಹಾಯವಾಗುತ್ತದೆ. 50 ಹರ್ಟ್ಸ್ ಮಂದ್ರದ ಜಿ ಸ್ವರಕ್ಕೆ ಹತ್ತಿರ.

ಚರಚರ ಶಬ್ದ ಬಂದರೆ ಒಣ ಬಿದಿರು ಕಡ್ಡಿಯಿಂದ ಒಂದೊಂದು ಪಾರ್ಟ್ ಮೆಲ್ಲಗೆ ತಟ್ಟಿ. ಪೆನ್ಸಿಲ್ ಬೇಡ, ಅದರ ಕಡ್ಡಿಯಲ್ಲಿ ಕರೆಂಟ್ ಹರಿಯುತ್ತದೆ. ತಟ್ಟಿದಾಗ ಎಲ್ಲಿ ಶಬ್ದ ಜೋರಾಗುತ್ತದೋ ಅಲ್ಲಿ ಡ್ರೈ ಸೋಲ್ಡರ್. 'ಪುಟ್ ಪುಟ್ ಪುಟ್' ಅಂತ ತಾನೇ ಬಡಿದುಕೊಂಡರೆ ಎರಡನೇ, ಮೂರನೇ ಫಿಲ್ಟರ್ ಕೆಪಾಸಿಟರ್ ಕೆಲಸ ಮಾಡುತ್ತಿಲ್ಲ.

ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್

ವಾಲ್ವ್ ಈಗಲೂ ಹೊಸದಾಗಿ ತಯಾರಾಗುತ್ತವೆ, ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ. ಹೆಸರಿಗೆ ಗಾಬರಿಯಾಗಬೇಡಿ. 12ಎಎಕ್ಸ್7 ಅಂದರೂ ಇಸಿಸಿ83 ಅಂದರೂ ಒಂದೇ. 6ಬಿಕ್ಯೂ5 ಅಂದರೆ ಇಎಲ್84. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲಕ್ಕೆ ವಾಲ್ವ್ ತಯಾರಿಸುತ್ತಿತ್ತು. ಹಳೆ ರೇಡಿಯೊ ಮೆಕ್ಯಾನಿಕರ ಡಬ್ಬಿಯಲ್ಲಿ ಬಿಇಎಲ್‌ನ ಇಸಿಸಿ83 ಸಿಕ್ಕರೆ ಖುಷಿಯಿಂದ ಹಾಕಿ, ಒಳ್ಳೆಯ ವಾಲ್ವ್. ಫಿಕ್ಸೆಡ್ ಬಯಸ್ ಆಂಪ್‌ನಲ್ಲಿ ಔಟ್‌ಪುಟ್ ವಾಲ್ವ್ ಬದಲಿಸಿದರೆ ಬಯಸ್ ಮತ್ತೆ ಹೊಂದಿಸಬೇಕು. ಮೊದಲ ಸಲ ಬಲ್ಲವರು ಪಕ್ಕದಲ್ಲಿರಲಿ.

ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗಿದ್ದರೆ ರಿವೈಂಡಿಂಗ್ ದಾರಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯೂ, ಗದಗ, ಹಾವೇರಿಯಲ್ಲೂ ಪಂಪ್‌ಸೆಟ್ ಮೋಟಾರ್ ಸುತ್ತುವವರು ಸಿಗುತ್ತಾರೆ. ಆದರೆ ಟ್ರಾನ್ಸ್‌ಫಾರ್ಮರ್ ಸುತ್ತಿ ಅನುಭವ ಇದ್ದವರನ್ನೇ ಹುಡುಕಿ. ಹಳೆ ಸುತ್ತುಗಳನ್ನು ಎಣಿಸುತ್ತಾ ಬಿಚ್ಚಲು ಹೇಳಿ, ಎಚ್.ಟಿ. ಸುತ್ತಿನ ಪದರಗಳ ನಡುವೆ ಇನ್ಸುಲೇಷನ್ ಕಾಗದ ಹಾಕಲು ಹೇಳಿ. ಪ್ರೈಮರಿಯನ್ನು ನೇರ 230 ವೋಲ್ಟ್, 50 ಹರ್ಟ್ಸ್‌ಗೆ ಸುತ್ತಿಸಿಕೊಂಡರೆ ಸ್ಟೆಪ್‌ಡೌನ್ ಕಾಟವೂ ತಪ್ಪುತ್ತದೆ, ಕೋರ್‌ನಲ್ಲಿ ಜಾಗ ಸಾಲುತ್ತದಾ ಅಂತ ಅವರೇ ನೋಡಿ ಹೇಳಲಿ.

ಸ್ಪೀಕರ್ ಕೋನ್ ಚಿಕ್ಕದಾಗಿ ಹರಿದಿದ್ದರೆ ತೆಳು ಟಿಶ್ಯೂ ಕಾಗದ, ನೀರು ಬೆರೆಸಿದ ಬಿಳಿ ಅಂಟು ಸಾಕು. ಪೂರ್ತಿ ಕೋನ್ ಬದಲಿಸಬೇಕಾದರೆ ಮಾತ್ರ ಹುಷಾರ್. ಈಗ ಸಿಗುವ ಕೋನ್‌ಗಳು ಹೆಚ್ಚಾಗಿ ಡಿಜೆ ಸ್ಪೀಕರ್‌ಗೆ ಮಾಡಿದ ದಪ್ಪ ಕೋನ್. ಅದನ್ನು ಹಾಕಿದರೆ ಸದ್ದು ಬರುತ್ತದೆ, ಆ ಆಂಪ್‌ನ ದನಿ ಬರುವುದಿಲ್ಲ. ತೆಳುವಾದ ಕಾಗದದ ಕೋನ್ ಸಿಗುವವರೆಗೆ ಕಾಯುವುದು ಒಳ್ಳೆಯದು. ಅಲ್ಲಿಯವರೆಗೆ ಬೇರೆ ಸ್ಪೀಕರ್‌ನಲ್ಲಿ ಬಾರಿಸಿ.

ಮುಚ್ಚುವ ಮೊದಲು

ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ಆನ್ ಇಟ್ಟು ಗಿಟಾರ್ ಬಾರಿಸಿ. ಹೀಟರ್‌ಗಳ ಕಿತ್ತಳೆ ಬೆಳಕು ಸರಿ, ಪ್ಲೇಟ್ ಕೆಂಪಗಾಗಬಾರದು. ನಂತರ ಪ್ಲಗ್ ಕಿತ್ತು ಪವರ್ ಟ್ರಾನ್ಸ್‌ಫಾರ್ಮರ್‌ನ ಮೇಲೆ ಕೈ ಇಡಿ. ಕೆಲವು ಸೆಕೆಂಡಾದರೂ ಕೈ ಇಡಲು ಆಗಬೇಕು. ಫ್ಯೂಸ್ ಹಿಂದಿನ ಪ್ಲೇಟಿನ ಮೇಲೆ ಬರೆದಷ್ಟೇ ಆಂಪಿಯರ್‌ನದ್ದು ಇದೆಯಾ ಇನ್ನೊಮ್ಮೆ ನೋಡಿ. 117 ವೋಲ್ಟ್‌ನ ಆಂಪ್ ಅನ್ನು 230ಕ್ಕೆ ಬದಲಿಸಿದ್ದರೆ ಫ್ಯೂಸ್ ಅರ್ಧಕ್ಕೆ ಇಳಿಯಬೇಕು.

ಕಿತ್ತ ಪಾರ್ಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ, ಯಾವುದು ಎಲ್ಲಿತ್ತು ಅಂತ ಚೀಟಿ ಇಟ್ಟು, ಚಾಸಿಗೆ ತಾಗದಂತೆ ಕ್ಯಾಬಿನೆಟ್ ಒಳಗೇ ಕಟ್ಟಿ. ವೋಲ್ಟೇಜ್ ಹಾಳೆಗೆ ತಾರೀಕು ಹಾಕಿ ಒಳಗಡೆ ಅಂಟಿಸಿ. ಮುಂದೆ ಬಿಚ್ಚುವವರು ಯಾರೇ ಆಗಿರಲಿ, ಅವರಿಗೆ ಬೇಕಾಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಆನ್ ಮಾಡಿ. ಒಂದು ತಿಂಗಳು ಬಾರಿಸಿದ ಮೇಲೆ 6ವಿ6ರ ಕ್ಯಾಥೋಡ್ ವೋಲ್ಟೇಜ್ ಮತ್ತೆ ಅಳೆದು ಹಾಳೆಯ ಜೊತೆ ಹೋಲಿಸಿ. ಒಂದು ವೋಲ್ಟ್ ಆಚೀಚೆ ಇದ್ದರೆ ಚಿಂತೆ ಇಲ್ಲ, ಮೇನ್ಸ್ ಬದಲಾಗಿರುತ್ತದೆ. ಅದಕ್ಕಿಂತ ಜಾಸ್ತಿ ಏರಿದ್ದರೆ ಆಫ್ ಮಾಡಿ, ಮೊದಲು ಗ್ರಿಡ್ ನೋಡಿ.